ಕೆನೋಪಿ ಇಲ್ಲ, ಒಂದು ಚಕ್ರ ಇಲ್ಲ, ಮೂಗಿನ ಕಡ್ಡಿ ಮುರಿದಿದೆ: ಹಳೆಯ ಮಿಗ್-21 ಕಿಟ್ಟನ್ನು ಉಳಿಸಿಕೊಳ್ಳಬಹುದೇ?

ಪ್ರಶ್ನೆ: ನಮ್ಮದು ಉಡುಪಿ ಸಮೀಪದ ಕಟಪಾಡಿ. ನನ್ನ ತಂದೆಯವರು ವಾಯುಸೇನೆಯಲ್ಲಿ ಏರ್‌ಫ್ರೇಮ್ ಫಿಟ್ಟರ್ ಆಗಿದ್ದು, ಸೇವೆಯ ಬಹುಪಾಲು ವರ್ಷಗಳನ್ನು ಮಿಗ್-21 ಬಿಸ್ ವಿಮಾನಗಳ ಜೊತೆಯಲ್ಲೇ ಕಳೆದವರು. ದುಬೈಯಲ್ಲಿದ್ದ ನನ್ನ ಸೋದರಮಾವ ಹದಿನೈದು ವರ್ಷಗಳ ಹಿಂದೆ ಅವರಿಗೆಂದು ಅದೇ ವಿಮಾನದ 1:48 ಪ್ರಮಾಣದ ಪ್ಲಾಸ್ಟಿಕ್ ಕಿಟ್ ತಂದುಕೊಟ್ಟಿದ್ದರು. ಅದು ಅಟ್ಟ ಸೇರಿತು, ನಡುವೆ ಒಮ್ಮೆ ಮಕ್ಕಳ ಕೈಗೂ ಸಿಕ್ಕಿತು. ಬರುವ ನವೆಂಬರಿನಲ್ಲಿ ತಂದೆಯವರಿಗೆ ಎಪ್ಪತ್ತೈದು ತುಂಬುತ್ತದೆ. ಅಷ್ಟರೊಳಗೆ ಗುಟ್ಟಾಗಿ ಜೋಡಿಸಿ ಕೊಡೋಣವೆಂದು ಪೆಟ್ಟಿಗೆ ತೆರೆದರೆ, ಕಾಕ್‌ಪಿಟ್‌ನ ತೆರೆಯುವ ಪಾರದರ್ಶಕ ಮುಚ್ಚಳವಾದ ಕೆನೋಪಿ ಇಲ್ಲ, ಮುಖ್ಯ ಚಕ್ರಗಳಲ್ಲಿ ಒಂದಿಲ್ಲ, ಮೂಗಿನ ಮುಂದೆ ಚಾಚಿಕೊಂಡಿರುವ ಉದ್ದನೆಯ ಕಡ್ಡಿ ಅರ್ಧಕ್ಕೇ ಮುರಿದಿದೆ. ಕಂಪನಿಗೆ ಎರಡು ಸಲ ಇಮೇಲ್ ಮಾಡಿದೆ, ಉತ್ತರ ಬರಲಿಲ್ಲ. ಒಬ್ಬ ಸ್ನೇಹಿತರು ಇದನ್ನು ಎಸೆದು ಹೊಸದು ತರಿಸಿ ಅನ್ನುತ್ತಾರೆ, ಇನ್ನೊಬ್ಬರು ಮಣಿಪಾಲದಲ್ಲಿ ತ್ರೀಡಿ ಪ್ರಿಂಟ್ ಮಾಡಿಸಿದರೆ ಮೂರೂ ಸಿಗುತ್ತವೆ ಅನ್ನುತ್ತಾರೆ. ನನಗೆ ಈ ಕೆಲಸದಲ್ಲಿ ಹೆಚ್ಚು ಅನುಭವವಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಒಂದರೊಳಗೊಂದು ಸೇರಿಕೊಂಡಿವೆ. ಭಾಗಗಳು ಕಳೆದ ಕಿಟ್ ಕೆಲಸಕ್ಕೆ ಬರುತ್ತದೆಯೇ ಎನ್ನುವುದು ಒಂದು. ಜೀವಮಾನವಿಡೀ ಆ ವಿಮಾನವನ್ನು ಕೈಯಾರೆ ಬಿಚ್ಚಿ ಕಟ್ಟಿದವರ ಮುಂದೆ ತೇಪೆ ಹಾಕಿದ ಮಾದರಿಯನ್ನು ಹೇಗೆ ಇಡುವುದು ಎನ್ನುವುದು ಇನ್ನೊಂದು. ನೀವು ಅದನ್ನು ಬರೆದಿಲ್ಲ, ಆದರೆ ಪತ್ರದ ತುಂಬ ಅದೇ ಇದೆ. ಮೊದಲನೆಯದಕ್ಕೆ ಉತ್ತರ ಸುಲಭ: ಎಸೆಯಬೇಡಿ. ಮಂಗಳೂರಿನ ನನ್ನ ಕಾರ್ಯಾಗಾರದಲ್ಲಿ ವಾಸ್ತುಶಿಲ್ಪಿಗಳಿಗೆ ಕಟ್ಟಡಗಳ ಮಾದರಿ ಮಾಡಿಕೊಡುವುದು ನನ್ನ ವೃತ್ತಿ, ಬಿಡುವಿನಲ್ಲಿ ಹಳೆಯ ವಿಮಾನ ಕಿಟ್‌ಗಳನ್ನು ರಿಪೇರಿ ಮಾಡುತ್ತೇನೆ. ನನ್ನ ಮೇಜಿಗೆ ಬರುವ ಹಳೆಯ ಕಿಟ್‌ಗಳಲ್ಲಿ ಎಲ್ಲ ಭಾಗಗಳೂ ಸರಿಯಾಗಿರುವುದೇ ಅಪರೂಪ. ಎರಡನೆಯ ಚಿಂತೆಗೆ ಕೊನೆಯಲ್ಲಿ ಬರುತ್ತೇನೆ.

ಏನನ್ನಾದರೂ ಕೊಳ್ಳುವ ಅಥವಾ ಮಾಡುವ ಮೊದಲು ಭಾಗ ನಿಜವಾಗಿ ಕಳೆದಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಕಿಟ್‌ನ ಭಾಗಗಳೆಲ್ಲ ಒಂದು ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡೇ ಬರುತ್ತವೆ. ಈ ಚೌಕಟ್ಟಿಗೆ ಸ್ಪ್ರೂ ಅನ್ನುತ್ತಾರೆ. ಕಳೆದ ಚಕ್ರದ ಸಂಖ್ಯೆ ಇರುವ ಜಾಗದಲ್ಲಿ ಉಳಿದಿರುವ ಮೊಂಡುತುದಿಯನ್ನು ಭೂತಗನ್ನಡಿ ಹಿಡಿದು ನೋಡಿ. ತುದಿ ಸಪಾಟಾಗಿ ಕತ್ತರಿಸಿದಂತಿದ್ದರೆ ಯಾರೋ ಉದ್ದೇಶಪೂರ್ವಕವಾಗಿ ಬೇರ್ಪಡಿಸಿದ್ದಾರೆ, ಅಂದರೆ ಅದು ಎಲ್ಲೋ ಒಂದು ಬೆಂಕಿಪೊಟ್ಟಣದಲ್ಲೋ ಮಕ್ಕಳ ಆಟಿಕೆಯ ಡಬ್ಬಿಯಲ್ಲೋ ಇರುವ ಸಾಧ್ಯತೆ ಇದೆ. ತುದಿ ಹರಿದಂತಿದ್ದು, ಪ್ಲಾಸ್ಟಿಕ್ ಅಲ್ಲಿ ಬಿಳಿಚಿಕೊಂಡಿದ್ದರೆ ಅದು ಪೆಟ್ಟಿಗೆಯೊಳಗೇ ಮುರಿದು ಬಿದ್ದದ್ದು. ಪೆಟ್ಟಿಗೆಯ ತಳದ ಮಡಿಕೆಯಲ್ಲಿ, ಸೂಚನಾಪತ್ರದ ಮಡಿಕೆಯಲ್ಲಿ ಹುಡುಕಬೇಕು. ಕೆನೋಪಿಯ ಮಟ್ಟಿಗೆ ಮತ್ತೊಂದು ಜಾಗವಿದೆ. ಪಾರದರ್ಶಕ ಭಾಗಗಳು ಬರುವುದು ಪಾರದರ್ಶಕ ಚೀಲದಲ್ಲಿ, ಹಾಗಾಗಿ ಚೀಲದ ಮೂಲೆಗೆ ಅಂಟಿಕೊಂಡ ಕೆನೋಪಿ ಕಣ್ಣಿಗೆ ಕಾಣುವುದೇ ಇಲ್ಲ. ಚೀಲವನ್ನು ಕತ್ತರಿಸಿ ಬಿಡಿಸಿ, ಬೆರಳಿನಿಂದ ಸವರಿ ನೋಡಿ.

ಇನ್ನೊಂದು ವಿಷಯ. ಒಂದೇ ಅಚ್ಚಿನಿಂದ ವಿಮಾನದ ಹಲವು ಆವೃತ್ತಿಗಳನ್ನು ಮಾರುವುದು ತಯಾರಕರ ವಾಡಿಕೆಯಾದ್ದರಿಂದ, ಎಷ್ಟೋ ಕಿಟ್‌ಗಳಲ್ಲಿ ಬಳಸಬೇಕಾಗಿಲ್ಲದ ಭಾಗಗಳೂ ಇರುತ್ತವೆ. ಸೂಚನಾಪತ್ರದ ಮೊದಲ ಪುಟಗಳಲ್ಲಿ ಅವುಗಳನ್ನು ಬೂದುಬಣ್ಣದಲ್ಲಿ ಮುದ್ರಿಸಿರುತ್ತಾರೆ. ನಿಮಗೆ ಬೇಕಾದದ್ದು ಅಲ್ಲಿ ಹೆಚ್ಚುವರಿಯಾಗಿ ಇದ್ದರೂ ಇರಬಹುದು. ಜೋಡಿಸಿ ಮುಗಿದಿರುವ ಭಾಗಗಳಿದ್ದರೆ ಅವನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಇದನ್ನು ತಮಾಷೆಗೆ ಹೇಳುತ್ತಿಲ್ಲ. ನಾನೊಮ್ಮೆ ಹಂಟರ್ ವಿಮಾನದ ಒಂದು ಚಕ್ರಕ್ಕಾಗಿ ಮೂರು ಸಂಜೆ ಅಚ್ಚು ಮಾಡಿ, ಎರಕ ಹೊಯ್ದು, ಉಜ್ಜಿ, ಬಣ್ಣ ಬಳಿದ ಮೇಲೆ, ಮಾದರಿಯನ್ನು ಎತ್ತಿದಾಗ ಹೊಟ್ಟೆಯೊಳಗೆ ಏನೋ ಗಲಗಲ ಎಂದಿತು. ಮೂಲ ಚಕ್ರ ಒಳಗೇ ಇತ್ತು.

ನೆಲಕ್ಕೆ ಬಿದ್ದ ಭಾಗವಾದರೆ ಹಿಡಿಸೂಡಿ ಮುಟ್ಟಬೇಡಿ. ದೀಪ ಆರಿಸಿ, ಟಾರ್ಚನ್ನು ನೆಲಕ್ಕೆ ತಾಗಿಸಿ ಅಡ್ಡಲಾಗಿ ಬೆಳಕು ಹಾಯಿಸಿದರೆ ಅಕ್ಕಿಕಾಳಿನಷ್ಟು ಚಿಕ್ಕ ತುಂಡಿಗೂ ಉದ್ದ ನೆರಳು ಬರುತ್ತದೆ. ನಮ್ಮ ಹಳೆಯ ಮನೆಗಳ ಕೆಂಪು ಸಿಮೆಂಟು ನೆಲ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು; ಚುಕ್ಕಿಚುಕ್ಕಿಯ ಮೊಸಾಯಿಕ್ ನೆಲದಲ್ಲಿ ಮಾತ್ರ ದೇವರೇ ಗತಿ. ಮುಂದೆ ಕಳೆಯದಿರಲು, ಸಣ್ಣ ಭಾಗಗಳನ್ನು ಕತ್ತರಿಸುವಾಗ ಉಗುರುಕತ್ತರಿ ಬೇಡ. ಅದರ ಎರಡೂ ಬಾಯಿಗಳು ಪ್ಲಾಸ್ಟಿಕ್ಕನ್ನು ಹಿಂಡುತ್ತವೆ, ಹಿಂಡಿದ ಬಲವೆಲ್ಲ ಬೇರ್ಪಡುವ ಕ್ಷಣದಲ್ಲಿ ಭಾಗವನ್ನು ಚಿಮ್ಮಿಸುತ್ತದೆ, ಮೇಲಿಂದ ಫ್ಯಾನಿನ ಗಾಳಿ ಅದಕ್ಕೆ ಜೊತೆಯಾಗುತ್ತದೆ. ಸೆಕೆಗೆ ಫ್ಯಾನು ಆರಿಸಲಾಗದಿದ್ದರೆ ಕೈಯನ್ನು ಒಂದು ದೊಡ್ಡ ಪಾರದರ್ಶಕ ಚೀಲದೊಳಗೆ ಇಟ್ಟು ಕತ್ತರಿಸಿ.

ಕಂಪನಿ ಉತ್ತರ ಕೊಡದಿರುವುದಕ್ಕೆ ಬೇಸರ ಬೇಡ. ಬಿಡಿ ಚಕ್ರಗಳನ್ನು ಗೋದಾಮಿನ ಡಬ್ಬಿಗಳಲ್ಲಿ ತುಂಬಿಟ್ಟಿರುತ್ತಾರೆ ಎಂದು ನಾವು ಭಾವಿಸುತ್ತೇವೆ, ಆದರೆ ಈ ಕಿಟ್‌ಗಳು ತಯಾರಾಗುವ ಕ್ರಮವೇ ಬೇರೆ. ಕರಗಿದ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನು ಉಕ್ಕಿನ ಅಚ್ಚಿಗೆ ಒತ್ತಡದಲ್ಲಿ ನುಗ್ಗಿಸಿದಾಗ ಇಡೀ ಸ್ಪ್ರೂ ಒಮ್ಮೆಗೇ ರೂಪುಗೊಳ್ಳುತ್ತದೆ. ಒಂದು ಚಕ್ರವನ್ನು ಮಾತ್ರ ಅಚ್ಚು ಹೊಯ್ಯುವುದು ಸಾಧ್ಯವಿಲ್ಲ. ನಿಮಗೆ ಒಂದು ಚಕ್ರ ಕೊಡಬೇಕಾದರೆ ಅವರು ಒಂದು ಪೂರ್ತಿ ಸ್ಪ್ರೂವನ್ನು ಕೊಡಬೇಕು, ಆ ಕಿಟ್ ಆಗ ಉತ್ಪಾದನೆಯಲ್ಲಿರದಿದ್ದರೆ ಕೊಡಲು ಅವರ ಬಳಿಯೂ ಇರುವುದಿಲ್ಲ. ಜಪಾನಿನ ತಮಿಯಾ ಕಂಪನಿ ತನ್ನ ಸೂಚನಾಪತ್ರದಲ್ಲೇ ಪ್ರತಿ ಸ್ಪ್ರೂವಿಗೂ ಸಂಕೇತ ಸಂಖ್ಯೆ ಮುದ್ರಿಸಿ ಹಣಕ್ಕೆ ಮಾರುವ ಪದ್ಧತಿ ಇಟ್ಟುಕೊಂಡಿದೆ, ಜರ್ಮನಿಯ ರೆವೆಲ್ ಕಂಪನಿಯೂ ಬಿಡಿಭಾಗಗಳಿಗೆಂದೇ ಒಂದು ವಿಭಾಗವನ್ನು ಬಹುಕಾಲದಿಂದ ನಡೆಸಿಕೊಂಡು ಬಂದಿದೆ. ಎಲ್ಲರೂ ಹೀಗಿಲ್ಲ. ಕಾರ್ಖಾನೆಯಲ್ಲೇ ತಪ್ಪಿಹೋದ ಭಾಗಕ್ಕೂ, ಹದಿನೈದು ವರ್ಷಗಳ ನಂತರ ನಮ್ಮ ಅಟ್ಟದಲ್ಲಿ ಕಳೆದ ಭಾಗಕ್ಕೂ ಅವರು ವ್ಯತ್ಯಾಸ ಮಾಡುವುದು ಸಹಜವೇ.

ಹುಡುಕಿಯೂ ಸಿಗಲಿಲ್ಲ ಎಂದಿಟ್ಟುಕೊಳ್ಳೋಣ. ಆಗ ಮೂರು ಭಾಗಗಳನ್ನು ಒಂದೇ ಸಮಸ್ಯೆಯೆಂದು ನೋಡುವುದನ್ನು ಬಿಡಬೇಕು. ನಿಮ್ಮ ಸ್ನೇಹಿತರಿಬ್ಬರ ಸಲಹೆಯಲ್ಲೂ ಇರುವ ದೋಷ ಅದೇ. ಕಡ್ಡಿ, ಚಕ್ರ, ಕೆನೋಪಿ ಮೂರಕ್ಕೂ ಮೂರು ಗುಣ. ಕಡ್ಡಿ ಕೇವಲ ಒಂದು ಆಕಾರ, ಅದನ್ನು ಹೊಸದಾಗಿ ಮಾಡಬಹುದು. ಚಕ್ರಕ್ಕೆ ಜೋಡಿ ಇದೆ, ಆದ್ದರಿಂದ ಅದನ್ನು ನಕಲು ಮಾಡಬಹುದು. ಕೆನೋಪಿಗೆ ಜೋಡಿಯೂ ಇಲ್ಲ, ಮೇಲಾಗಿ ಅದು ಪಾರದರ್ಶಕ. ಕಷ್ಟವಿರುವುದು ಅಲ್ಲಿ ಮಾತ್ರ.

ಕಡ್ಡಿಯಿಂದ ಶುರು ಮಾಡಿ. ಅದು ಪಿಟಾಟ್ ಕೊಳವೆ, ಎದುರುಗಾಳಿಯ ಒತ್ತಡದಿಂದ ವೇಗವನ್ನು ಅಳೆಯುವ ಸಾಧನ. ಪ್ಲಾಸ್ಟಿಕ್‌ನಲ್ಲಿ ಅಷ್ಟು ಸಪೂರವಾಗಿ ಅಚ್ಚು ಹೊಯ್ದದ್ದು ಮುರಿಯುವುದು ಸಹಜ, ಮತ್ತೆ ಅಂಟಿಸಿದರೂ ಮುರಿಯುತ್ತದೆ. ಮೆಡಿಕಲ್ ಅಂಗಡಿಯಲ್ಲಿ ಹೊಸ ಇಂಜೆಕ್ಷನ್ ಸೂಜಿಗಳನ್ನು ಕೊಳ್ಳಿ, ಬಳಸಿದ್ದು ಯಾವ ಕಾರಣಕ್ಕೂ ಬೇಡ. 18 ಗೇಜಿನ ಸೂಜಿಯ ಹೊರವ್ಯಾಸ ಸುಮಾರು 1.27 ಮಿಲಿಮೀಟರ್, 22 ಗೇಜಿನದು ಸುಮಾರು 0.72 ಮಿಲಿಮೀಟರ್, ಅದು ಮೊದಲನೆಯದರ ಒಳಗೆ ಸಲೀಸಾಗಿ ತೂರುತ್ತದೆ. 30 ಗೇಜಿನದು ಸುಮಾರು 0.31, ಅದು ಎರಡನೆಯದರೊಳಗೆ ಹೋಗುತ್ತದೆ. ಒಂದರೊಳಗೊಂದು ತೂರಿಸಿ ಒಂದು ಹನಿ ಫೆವಿಕ್ವಿಕ್ ಮುಟ್ಟಿಸಿದರೆ ಮೆಟ್ಟಿಲುಮೆಟ್ಟಿಲಾಗಿ ಸಪೂರವಾಗುತ್ತ ಹೋಗುವ, ತುದಿಯಲ್ಲಿ ನಿಜವಾದ ರಂಧ್ರವಿರುವ ಉಕ್ಕಿನ ಕೊಳವೆ ಸಿದ್ಧ. ಇಕ್ಕಳದಿಂದ ಕತ್ತರಿಸಬೇಡಿ, ಬಾಯಿ ಚಪ್ಪಟೆಯಾಗುತ್ತದೆ. ಸಣ್ಣ ಅರದ ಅಂಚಿನಿಂದ ಸುತ್ತಲೂ ಗೀರಿ, ಬಟ್ಟೆಯಲ್ಲಿ ಸುತ್ತಿ ಮುರಿಯಿರಿ, ಕಣ್ಣಿಗೆ ಕನ್ನಡಕ ಇರಲಿ. ಮೂಗಿನಲ್ಲಿ ರಂಧ್ರ ಕೊರೆಯಲು ಗಡಿಯಾರ ರಿಪೇರಿಯವರ ಅಥವಾ ಅಕ್ಕಸಾಲಿಗರ ಕೈಡ್ರಿಲ್ ಬೇಕಾಗುತ್ತದೆ. ಉಡುಪಿಯಲ್ಲಿ ಕೇಳಿದರೆ ಐದು ನಿಮಿಷಕ್ಕೆ ಬಳಸಲು ಕೊಡುವವರು ಸಿಗುತ್ತಾರೆ. ಇದೂ ಬೇಡವೆಂದರೆ ಪೋಲೆಂಡಿನ ಮಾಸ್ಟರ್ ಕಂಪನಿ ಹಿತ್ತಾಳೆಯಲ್ಲಿ ಕಡೆದ ಪಿಟಾಟ್ ಕೊಳವೆಗಳನ್ನು ಮಾರುತ್ತದೆ.

ಇಲ್ಲಿ ಒಂದು ಎಚ್ಚರಿಕೆ, ನಿಮ್ಮ ತಂದೆಯವರ ಕಣ್ಣನ್ನು ನೆನೆದು ಹೇಳುತ್ತೇನೆ. ಎಲ್ಲ ಮಿಗ್-21ಗಳ ಮೂಗೂ ಒಂದೇ ಅಲ್ಲ. ಮೊದಮೊದಲ ಎಫ್-13 ಮಾದರಿಯಲ್ಲಿ ಈ ಕೊಳವೆ ಗಾಳಿದ್ವಾರದ ಕೆಳಗಿತ್ತು, ಮುಂದಿನ ಎಫ್‌ಎಲ್‌ನಲ್ಲಿ ಮೇಲ್ಭಾಗದ ನಟ್ಟನಡುವೆ ಬಂತು, ಬಿಸ್‌ನಲ್ಲಿ ಮೇಲ್ಭಾಗದಲ್ಲೇ ಪೈಲಟ್‌ನ ಬಲಕ್ಕೆ ಸರಿದು ನಿಂತಿದೆ. ಅಂತರ್ಜಾಲದಲ್ಲಿ ಸಿಕ್ಕಿದ ಯಾವುದೋ ಮಿಗ್‌ನ ಚಿತ್ರ ನೋಡಿ ನಡುವೆ ರಂಧ್ರ ಕೊರೆದರೆ, ಬಣ್ಣ ಎಷ್ಟೇ ಚೆನ್ನಾಗಿದ್ದರೂ ಅವರಿಗೆ ಮೊದಲು ಕಾಣುವುದು ಅದೇ.

ಈಗ ಚಕ್ರ. ಒಂದು ಚಕ್ರ ಉಳಿದಿರುವುದು ನಿಮ್ಮ ಅದೃಷ್ಟ. ಚಕ್ರಕ್ಕೆ ಎಡ ಬಲ ಎಂಬ ಭೇದ ಬಹುಮಟ್ಟಿಗೆ ಇರುವುದಿಲ್ಲವಾದ್ದರಿಂದ ಒಂದರ ನಕಲು ಇನ್ನೊಂದರ ಜಾಗದಲ್ಲಿ ಕೂರುತ್ತದೆ. ಅದೇ ಚಕ್ರದ ಕಾಲು ಕಳೆದಿದ್ದರೆ ಬಲಗಾಲಿನ ನಕಲು ಎಡಗಾಲಾಗುತ್ತಿರಲಿಲ್ಲ. ನಕಲು ಮಾಡಲು ಅಚ್ಚಿನ ರಬ್ಬರ್ ಬೇಕು, ಅದಕ್ಕಾಗಿ ಬೆಂಗಳೂರಿಗೆ ಬರೆಯಬೇಕಾಗಿಲ್ಲ. ದಂತವೈದ್ಯರು ಹಲ್ಲಿನ ಅಳತೆ ತೆಗೆಯಲು ಬಳಸುವ ಸಿಲಿಕೋನ್ ಪುಟ್ಟಿ ಇದಕ್ಕೆ ಅತ್ಯುತ್ತಮ, ಮತ್ತು ಮಂಗಳೂರು ಮಣಿಪಾಲಗಳ ನಡುವೆ ದಂತವೈದ್ಯ ವಿದ್ಯಾರ್ಥಿ ಇಲ್ಲದ ಬೀದಿಯನ್ನು ಹುಡುಕುವುದೇ ಕಷ್ಟ. ಆಲ್ಜಿನೇಟ್ ಎಂಬ ಅಗ್ಗದ ಪುಡಿ ಬೇಡ. ಕಲಸಿದ ಮೇಲೆ ಅದರಲ್ಲಿ ಇರುವುದು ಬಹುಪಾಲು ನೀರು, ಒಣಗುತ್ತ ಕುಗ್ಗುತ್ತದೆ, ಚಕ್ರವೂ ಕುಗ್ಗುತ್ತದೆ.

ಸಿಲಿಕೋನ್ ಪುಟ್ಟಿ ಎರಡು ಡಬ್ಬಿಗಳಲ್ಲಿ ಎರಡು ಬಣ್ಣದಲ್ಲಿ ಬರುತ್ತದೆ. ಎರಡನ್ನೂ ಸಮಪ್ರಮಾಣದಲ್ಲಿ ತೆಗೆದು, ಗೆರೆಗಳು ಮಾಯವಾಗಿ ಬಣ್ಣ ಒಂದಾಗುವವರೆಗೆ ಚಪಾತಿ ಹಿಟ್ಟಿನಂತೆ ನಾದಬೇಕು. ಬರಿಗೈಯಲ್ಲಿ ನಾದಿ, ಅಥವಾ ವಿನೈಲ್ ಗ್ಲೌಸ್ ಹಾಕಿಕೊಳ್ಳಿ. ನಾನು ಮೊದಲ ಸಲ ಶಿಸ್ತಾಗಿ ರಬ್ಬರ್ ಗ್ಲೌಸ್ ಹಾಕಿಕೊಂಡು ನಾದಿದೆ. ಒಂದು ಗಂಟೆ ಕಳೆದರೂ ಪುಟ್ಟಿ ಹಲ್ವದಂತೆ ಮೆತ್ತಗೇ ಇತ್ತು. ಫೋನಿನಲ್ಲಿ ದಂತವೈದ್ಯ ಸ್ನೇಹಿತರು ನಕ್ಕು, "ಗ್ಲೌಸ್ ಬಿಚ್ಚಿ ಮಾರಾಯ್ರೆ, ಲೇಟೆಕ್ಸಿನ ಗಂಧಕ ಅದನ್ನು ಗಟ್ಟಿಯಾಗಲು ಬಿಡುವುದಿಲ್ಲ" ಎಂದರು. ನಾದಿದ ಪುಟ್ಟಿಯನ್ನು ದಪ್ಪ ಬಿಲ್ಲೆಯಂತೆ ತಟ್ಟಿ, ಚಕ್ರವನ್ನು ಮಲಗಿಸಿ ಅದರಲ್ಲಿ ಸರಿಯಾಗಿ ಅರ್ಧದವರೆಗೆ ಒತ್ತಿ. ಸುತ್ತಲೂ ಪೆನ್ಸಿಲ್ ತುದಿಯಿಂದ ಮೂರು ಗುಳಿ ಮಾಡಿ, ಮುಂದೆ ಎರಡು ಅರ್ಧಗಳು ಪಕ್ಕಕ್ಕೆ ಜಾರದಂತೆ ಹಿಡಿಯುವುದು ಅವೇ. ಕೆಲವೇ ನಿಮಿಷಗಳಲ್ಲಿ ಅದು ಗಟ್ಟಿಯಾದ ಮೇಲೆ, ಚಕ್ರವನ್ನು ಕೀಳದೆ, ಕಾಣುತ್ತಿರುವ ರಬ್ಬರಿನ ಮೇಲೆ ಮಾತ್ರ ತೆಳುವಾಗಿ ವ್ಯಾಸಲಿನ್ ಸವರಿ, ಎರಡನೆಯ ಬಿಲ್ಲೆಯನ್ನು ಮೇಲಿಂದ ಒತ್ತಿ. ವ್ಯಾಸಲಿನ್ ಮರೆತರೆ ಸಿಲಿಕೋನ್ ಸಿಲಿಕೋನಿಗೆ ಅಂಟಿ ಒಂದೇ ಉಂಡೆಯಾಗುತ್ತದೆ, ನಿಮ್ಮ ಉಳಿದ ಒಂದೇ ಚಕ್ರವೂ ಅದರೊಳಗೆ ಬಂದಿಯಾಗುತ್ತದೆ. ಹೀಗೆ ಅರ್ಧಕ್ಕೆ ಒತ್ತುವುದರಿಂದ ಅಚ್ಚಿನ ಕೂಡುಗೆರೆ ಟೈರಿನ ನೆಲ ತಾಗುವ ಅಂಚಿನ ಮೇಲೆ ಬರುತ್ತದೆ, ಎರಕದ ನಂತರ ಅಲ್ಲಿ ಉಜ್ಜಿ ತೆಗೆಯುವುದು ಸುಲಭ. ಚಕ್ರದ ಮುಖದಲ್ಲಿರುವ ನವುರಾದ ಕೆತ್ತನೆಗೆ ಅರ ತಾಗುವುದಿಲ್ಲ.

ಎರಕಕ್ಕೆ ಏನು ಹೊಯ್ಯುವುದು? ವಿದೇಶದ ಹವ್ಯಾಸಿಗಳು ಪಾಲಿಯುರಿಥೇನ್ ರೆಸಿನ್ ಎಂದು ಬರೆಯುತ್ತಾರೆ. ಅವರು ಬರೆಯುವುದು ಅವರ ಹವೆಗೆ ಸರಿ. ಆ ರೆಸಿನ್ನಿನ ಗಟ್ಟಿಕಾರಕದಲ್ಲಿರುವ ಐಸೋಸಯನೇಟ್ ಗಾಳಿಯ ತೇವದೊಂದಿಗೆ ಸೇರಿದರೆ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ, ಎರಕದ ತುಂಬ ನೊರೆಯ ರಂಧ್ರಗಳಾಗುತ್ತವೆ. ಕರಾವಳಿಯ ಆಟಿ ತಿಂಗಳ ಗಾಳಿಯಲ್ಲಿ ಬಾಟಲಿಯ ಮುಚ್ಚಳ ತೆರೆದು ಹಾಕುವಷ್ಟರಲ್ಲೇ ಅದು ತೇವ ಕುಡಿದಿರುತ್ತದೆ; ನಾನು ಹೊಯ್ದ ಟೈರುಗಳು ನೀರುದೋಸೆಯಂತೆ ಬಂದದ್ದುಂಟು. ಅದರ ಆವಿ ಶ್ವಾಸಕೋಶಕ್ಕೂ ಒಳ್ಳೆಯದಲ್ಲ. ನಿಮ್ಮ ಒಂದು ಚಕ್ರಕ್ಕೆ ನಿಧಾನವಾಗಿ ಗಟ್ಟಿಯಾಗುವ ಅರಾಲ್ಡೈಟ್ ಸಾಕು. ಅದಕ್ಕೆ ಸ್ವಲ್ಪ ಟಾಲ್ಕಮ್ ಪೌಡರ್ ಬೆರೆಸಿ, ಅಚ್ಚಿನ ಎರಡೂ ಅರ್ಧಗಳ ಸಂದುಗಳಿಗೆ ಮೊದಲು ತೆಂಗಿನ ಕಡ್ಡಿಯ ತುದಿಯಿಂದ ತುಂಬಿ, ಆಮೇಲೆ ಒಂದಿಷ್ಟು ಹೆಚ್ಚೇ ಹಾಕಿ, ಗುಳಿಗಳನ್ನು ಹೊಂದಿಸಿ ಒತ್ತಿ, ರಬ್ಬರ್ ಬ್ಯಾಂಡ್ ಹಾಕಿ ಇಡೀ ಒಂದು ದಿನ ಬಿಡಿ. ಎಂ-ಸೀಲ್‌ನಿಂದಲೂ ಆಗುತ್ತದೆ, ನವುರು ಸ್ವಲ್ಪ ಕಡಿಮೆ. ಉಜ್ಜುವಾಗ ವಾಟರ್ ಪೇಪರನ್ನು ಒದ್ದೆ ಮಾಡಿಕೊಂಡೇ ಉಜ್ಜಿ, ಒಣಧೂಳನ್ನು ಉಸಿರಾಡಬೇಡಿ. ಮನೆಗಾಗಿ ಒಂದು ನಕಲು ಮಾಡಿಕೊಳ್ಳುವುದಕ್ಕೆ ಯಾರ ತಕರಾರೂ ಬರುವುದಿಲ್ಲ, ಮಾರಲು ಹೊರಟರೆ ಮಾತು ಬೇರೆ.

ಕೊಳ್ಳುವುದೇ ಆದರೆ ಚೆಕ್ ಗಣರಾಜ್ಯದ ಎಡ್ಯುವರ್ಡ್‌ನಂಥ ಕಂಪನಿಗಳು ರೆಸಿನ್ ಚಕ್ರಗಳನ್ನು ಜೋಡಿಯಾಗಿ ಮಾರುತ್ತವೆ, ಗುಣಮಟ್ಟ ಬಹಳ ಚೆನ್ನಾಗಿದೆ. ಆದರೆ ಅಳತೆ ನೋಡಿ ಕೊಳ್ಳಿ. ಎಫ್-13ರ ಮುಖ್ಯ ಚಕ್ರ 660 ಮಿಲಿಮೀಟರ್ ವ್ಯಾಸದ್ದು, ನಂತರದ ಮಾದರಿಗಳದ್ದು 800 ಮಿಲಿಮೀಟರ್. 800ನ್ನು 48ರಿಂದ ಭಾಗಿಸಿದರೆ 16.7 ಮಿಲಿಮೀಟರ್ ಬರುತ್ತದೆ. ನಿಮ್ಮ ಬಳಿ ಉಳಿದಿರುವ ಚಕ್ರ ಹೆಚ್ಚುಕಡಿಮೆ ಅಷ್ಟಿರಬೇಕು. ವಿದೇಶದಿಂದ ತರಿಸಿದರೆ ಅಂಚೆ ವೆಚ್ಚ, ಸುಂಕ ಸೇರಿ ಭಾಗದ ಬೆಲೆಗಿಂತ ಹೆಚ್ಚಾದರೂ ಆಶ್ಚರ್ಯವಿಲ್ಲ, ತಲುಪುವ ದಿನವನ್ನೂ ಯಾರೂ ಖಚಿತವಾಗಿ ಹೇಳಲಾರರು.

ಬಿಡಿಭಾಗಕ್ಕಾಗಿಯೇ ಇನ್ನೊಂದು ಹಳೆಯ ಕಿಟ್ ಕೊಳ್ಳುವುದನ್ನೂ ಕೆಲವರು ಸೂಚಿಸಬಹುದು. ಅದೇ ಕಂಪನಿಯ ಅದೇ ಕಿಟ್ ಆಗಿದ್ದರೆ ಸರಿ. ಪ್ರಮಾಣ ಒಂದೇ ಆದರೆ ಯಾವ ಕಂಪನಿಯ ಭಾಗವಾದರೂ ಹೊಂದುತ್ತದೆ ಎನ್ನುವುದು ಮಾತ್ರ ಶುದ್ಧ ಭ್ರಮೆ. ಪ್ರತಿ ತಯಾರಕರೂ ವಿಮಾನವನ್ನು ತಮ್ಮದೇ ರೀತಿಯಲ್ಲಿ ಅಳೆದಿರುತ್ತಾರೆ, ತಮ್ಮದೇ ಜಾಗದಲ್ಲಿ ಕತ್ತರಿಸಿರುತ್ತಾರೆ. ಚಕ್ರದಲ್ಲಿ ಅದು ಗೊತ್ತಾಗುವುದಿಲ್ಲ. ಕೆನೋಪಿಯಲ್ಲಿ ಅರ್ಧ ಮಿಲಿಮೀಟರ್ ವ್ಯತ್ಯಾಸವೂ ಅಂಗಿಯ ಗುಂಡಿ ತಪ್ಪಿ ಹಾಕಿದಂತೆ ಕಾಣುತ್ತದೆ.

ಇನ್ನು ಕೆನೋಪಿ. ತ್ರೀಡಿ ಪ್ರಿಂಟಿನ ಮಾತು ಇಲ್ಲೇ ಮುಗಿಸುತ್ತೇನೆ. ರೆಸಿನ್ ಪ್ರಿಂಟರಿನಲ್ಲಿ ಚಕ್ರ ಸೊಗಸಾಗಿ ಬರುತ್ತದೆ, ಯಾರಾದರೂ ಸರಿಯಾದ ವಿನ್ಯಾಸದ ಫೈಲ್ ಕೊಟ್ಟರೆ. ಫೈಲ್ ಇಲ್ಲದಿದ್ದರೆ ಪ್ರಿಂಟರ್ ಇದ್ದೂ ಪ್ರಯೋಜನವಿಲ್ಲ, ಮೊದಲು ಒಬ್ಬರು ಕುಳಿತು ಅಳತೆ ತೆಗೆದು ಬಿಡಿಸಬೇಕು. ಪಾರದರ್ಶಕ ಭಾಗದ ಕಥೆ ಬೇರೆ. ಪಾರದರ್ಶಕ ಎಂದು ಮಾರುವ ರೆಸಿನ್ನಿನಲ್ಲೂ ಪದರಗಳ ಗೆರೆಗಳು ಬೆಳಕನ್ನು ಚದುರಿಸುತ್ತವೆ. ಒಳಗೂ ಹೊರಗೂ ಗಂಟೆಗಟ್ಟಲೆ ಉಜ್ಜಿ ಹೊಳಪು ಕೊಟ್ಟರೂ ಬಿಸಿಲು ಕಂಡಂತೆ ಅದು ಹಳದಿಯಾಗುತ್ತದೆ. ನಾನು ಕೆನೋಪಿಗೆ ಅದನ್ನು ಶಿಫಾರಸು ಮಾಡುವುದಿಲ್ಲ.

ಅಮೆರಿಕದ ಸ್ಕ್ವಾಡ್ರನ್, ನ್ಯೂಜಿಲೆಂಡಿನ ಫಾಲ್ಕನ್ ಮುಂತಾದ ಹೆಸರಿನಲ್ಲಿ ತೆಳುಹಾಳೆಯನ್ನು ಬಿಸಿ ಮಾಡಿ ಎಳೆದು ರೂಪಿಸಿದ ಕೆನೋಪಿಗಳು ಬಂದಿವೆ. ಹಳೆಯ ದಾಸ್ತಾನು ಸಿಕ್ಕರೆ ಒಳ್ಳೆಯದು. ಅದೇ ವಿಧಾನವನ್ನು ಮನೆಯಲ್ಲಿಯೂ ಮಾಡಬಹುದು. ಮುಂಭಾಗದ ಸ್ಥಿರವಾದ ಗಾಜು ನಿಮ್ಮ ಬಳಿ ಇದೆ ಎಂದು ಭಾವಿಸುತ್ತೇನೆ. ಬಿಸ್‌ನಲ್ಲಿ ಅದು ಪ್ರತ್ಯೇಕ, ಅದರ ಹಿಂದಿನ ಮುಚ್ಚಳ ಬಲಕ್ಕೆ ವಾಲಿ ತೆರೆದುಕೊಳ್ಳುತ್ತದೆ. ಆ ಗಾಜನ್ನು ಟೇಪಿನಿಂದ ತನ್ನ ಜಾಗದಲ್ಲಿ ಹಿಡಿಸಿ, ಕಾಕ್‌ಪಿಟ್ ಬಾಯಿಗೆ ಎಣ್ಣೆ ಸವರಿದ ತೆಳು ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ಎಂ-ಸೀಲ್ ತುಂಬಿ, ಮುಂದಿನ ಗಾಜಿನ ಅಂಚಿನಿಂದ ಹಿಂದಿನ ಬೆನ್ನಿನವರೆಗೆ ಗೀಟುಹಲಗೆಯಿಂದ ಸವರಿ ಆಕಾರ ಕೊಡಿ. ಗಟ್ಟಿಯಾದ ಮೇಲೆ ಕಿತ್ತು, ಹಾಳೆಯ ದಪ್ಪದಷ್ಟು ಸಣ್ಣದಾಗುವಂತೆ ಉಜ್ಜಿ, 2000 ನಂಬರಿನ ವಾಟರ್ ಪೇಪರಿನವರೆಗೆ ನುಣುಪು ಮಾಡಿ. ಉಜ್ಜುವುದರಲ್ಲಿ ಅವಸರ ಮಾಡಿದರೆ ಆ ಒಂದೊಂದು ಗೀರೂ ಪಾರದರ್ಶಕ ಹಾಳೆಯಲ್ಲಿ ಮೂಡುತ್ತದೆ.

ಹಾಳೆಗೆ ಬೇಕರಿಯ ಕೇಕ್ ಡಬ್ಬಿಯ ಮುಚ್ಚಳ ನೋಡಿ. ತಳದಲ್ಲಿ ತ್ರಿಕೋನದೊಳಗೆ 1 ಎಂದಿದ್ದರೆ ಅದು ಪೆಟ್ ಪ್ಲಾಸ್ಟಿಕ್, ನಮ್ಮ ಕೆಲಸಕ್ಕೆ ಆಗುತ್ತದೆ. 3 ಎಂದಿದ್ದರೆ ಪಿವಿಸಿ, ಸುಟ್ಟರೆ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ಬರುತ್ತದೆ, ಮುಟ್ಟಬೇಡಿ. ನೀರಿನ ಬಾಟಲಿಯೂ ಪೆಟ್ ಆದರೂ ಅದನ್ನು ತಯಾರಿಸುವಾಗಲೇ ಎಳೆದಿರುತ್ತಾರೆ, ಬಿಸಿಗೆ ಅದು ಜೋಲುವ ಬದಲು ಮುದುಡಿಕೊಳ್ಳುತ್ತದೆ. ಹಾಳೆಯನ್ನು ರಟ್ಟಿನ ಎರಡು ಚೌಕಟ್ಟುಗಳ ನಡುವೆ ಕ್ಲಿಪ್ ಹಾಕಿ ಬಿಗಿದು, ಹಾಟ್ ಏರ್ ಗನ್ನಿನ ಮುಂದೆ ಆಡಿಸಿ. ಮೊದಲು ಅದು ಸುಕ್ಕುಗಟ್ಟುತ್ತದೆ, ಗಾಬರಿ ಬೇಡ. ಆಮೇಲೆ ಒಮ್ಮೆಲೇ ಬಿಗಿಯಾಗಿ, ನಡುವೆ ತುಸು ಜೋಲಲು ಶುರುವಾಗುತ್ತದೆ. ಆ ಕ್ಷಣಕ್ಕೆ ಕೋಲಿನ ತುದಿಯಲ್ಲಿ ನಿಲ್ಲಿಸಿದ ಅಚ್ಚಿನ ಮೇಲೆ ನೇರವಾಗಿ ಒತ್ತಿ ಹತ್ತು ಎಣಿಸುವವರೆಗೆ ಹಿಡಿಯಿರಿ. ಎರಡು ಕ್ಷಣ ತಡವಾದರೆ ಹಾಳೆ ಹಾಲು ಬೆರೆಸಿದಂತೆ ಬಿಳಿಚಿಕೊಳ್ಳುತ್ತದೆ. ಪೆಟ್ ಅತಿಯಾಗಿ ಕಾದು ಹರಳುಗಟ್ಟಿದ್ದರ ಗುರುತು ಅದು, ಎಸೆದು ಇನ್ನೊಂದು ಮುಚ್ಚಳ ತೆಗೆದುಕೊಳ್ಳಿ. ನನಗೆ ಈಗಲೂ ನಾಲ್ಕೈದಕ್ಕೆ ಒಂದು ಚೆನ್ನಾಗಿ ಬರುತ್ತದೆ, ಆದ್ದರಿಂದ ಮೊದಲೇ ಸಾಕಷ್ಟು ಕೇಕ್ ತಿಂದಿರಬೇಕು.

ಅದನ್ನು ಅಂಟಿಸಲು ಫೆವಿಕ್ವಿಕ್ ಎಂದಿಗೂ ಬಳಸಬೇಡಿ. ಅದರ ಆವಿ ಗಾಳಿಯ ತೇವದೊಂದಿಗೆ ಸೇರಿ ಗಾಜಿನ ಮೇಲೆ ಬಿಳಿ ಮಂಜಾಗಿ ಕೂರುತ್ತದೆ, ನಮ್ಮ ಮಳೆಗಾಲದಲ್ಲಂತೂ ಕಣ್ಣೆದುರಿಗೇ. ಬಿಳಿ ಫೆವಿಕಾಲ್ ಸಾಕು, ಒಣಗಿದರೆ ಪಾರದರ್ಶಕ, ಹೆಚ್ಚಾದದ್ದನ್ನು ಒದ್ದೆ ಹತ್ತಿಕಡ್ಡಿಯಿಂದ ಒರೆಸಬಹುದು.

ಈಗ ನಿಮ್ಮ ಎರಡನೆಯ ಚಿಂತೆ. ಇಷ್ಟೆಲ್ಲ ಮಾಡಿಯೂ ಕೆನೋಪಿ ಮನಸ್ಸಿಗೆ ಬಾರದಿದ್ದರೆ ಏನು? ನಿಮ್ಮ ತಂದೆಯವರು ಪೈಲಟ್ ಅಲ್ಲ, ಫಿಟ್ಟರ್. ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿರುವ, ಆಕಾಶದಲ್ಲಿ ಹಾರುತ್ತಿರುವ ವಿಮಾನ ಅವರು ನಿತ್ಯ ಕಂಡ ವಿಮಾನವಲ್ಲ. ಅವರು ಕಂಡದ್ದು ನೆಲದ ಮೇಲೆ ನಿಂತದ್ದನ್ನು. ಬಯಲಿನಲ್ಲಿ ನಿಲ್ಲಿಸಿದ ವಿಮಾನದ ಕಾಕ್‌ಪಿಟ್‌ಗೆ ಕ್ಯಾನ್ವಾಸ್ ಹೊದಿಕೆ ಹಾಕುತ್ತಾರೆ, ಪಿಟಾಟ್ ಕೊಳವೆಗೆ ಕೆಂಪು ಪಟ್ಟಿ ತೂಗುವ ಗವಸು ತೊಡಿಸುತ್ತಾರೆ, ಟೈರ್ ಬದಲಿಸಬೇಕಾದರೆ ಜಾಕಿನ ಮೇಲೆ ಎತ್ತಿ ಚಕ್ರ ಕಳಚುತ್ತಾರೆ. ನಿಮ್ಮ ಕಿಟ್‌ನಲ್ಲಿ ಇಲ್ಲದ ಮೂರೂ ಭಾಗಗಳು ಆ ದೃಶ್ಯದಲ್ಲಿಯೂ ಕಾಣುವುದಿಲ್ಲ. ಟಿಶ್ಯೂ ಕಾಗದವನ್ನು ನೀರು ಬೆರೆಸಿದ ಫೆವಿಕಾಲಿನಲ್ಲಿ ಅದ್ದಿ ಎಂ-ಸೀಲ್ ಅಚ್ಚಿನ ಮೇಲೆ ಹೊದಿಸಿ, ಸುಕ್ಕುಗಳನ್ನು ಬೆರಳಿನಿಂದ ಕೆಳಕ್ಕೆ ಇಳಿಸಿ, ಒಣಗಿದ ಮೇಲೆ ಹಸಿರು ಬಳಿದರೆ ಹೊದಿಕೆ ಸಿದ್ಧ. ಚಕ್ರ ಕಳಚಿದ ಕಡೆ ಬ್ರೇಕಿನ ಭಾಗ ಕಾಣುತ್ತದೆ, ಅದಕ್ಕೆ ಪ್ಲಾಸ್ಟಿಕ್ ಬಿಲ್ಲೆಗಳನ್ನು ಒಂದರ ಮೇಲೊಂದು ಅಂಟಿಸಬೇಕು. ಜಾಕುಗಳನ್ನು ಸ್ಪ್ರೂ ತುಂಡುಗಳಿಂದ ಮಾಡಬಹುದು, ಚಿತ್ರ ನೋಡಿ ಮಾಡಿ. ಇದು ದೋಷ ಮುಚ್ಚುವ ಉಪಾಯವೆಂದು ಕೆಲವರು ಮೂಗು ಮುರಿಯುತ್ತಾರೆ. ಅವರೇ ಕಾಕ್‌ಪಿಟ್ ತೆರೆದಿಟ್ಟು ಒಳಗಿನ ಗಡಿಯಾರಗಳಿಗೆ ಬಣ್ಣ ಬಳಿದು ಕಣ್ಣು ಕೆಡಿಸಿಕೊಳ್ಳುವವರು. ನನಗೆ ಆ ವಾದ ಎಂದೂ ಒಪ್ಪಿಗೆಯಾಗಿಲ್ಲ.

ಮಿಗ್-21ಅನ್ನು ವಾಯುಸೇನೆ 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಬೀಳ್ಕೊಟ್ಟಾಗಿದೆ. ನಿಜವಾದದ್ದನ್ನು ಹತ್ತಿರದಿಂದ ನೋಡಿ ಚಿತ್ರ ತೆಗೆಯಬೇಕಾದರೆ ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ ಒಂದು ನಿಂತಿದೆ, ಯಾವ ಆವೃತ್ತಿಯದೆಂದು ಫಲಕ ನೋಡಿಕೊಂಡೇ ಅಳತೆಗೆ ಬಳಸಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಈ ವಾರ ಸೂಜಿಗಳನ್ನು ಕೊಂಡು ಕೊಳವೆ ಮುಗಿಸುತ್ತಿದ್ದೆ, ಅದು ಒಂದು ಸಂಜೆಯ ಕೆಲಸ. ಮುಂದಿನ ಭಾನುವಾರ ಚಕ್ರದ ಅಚ್ಚು. ಕೆನೋಪಿಗೆ ಸೆಪ್ಟೆಂಬರ್ ಕೊನೆಯವರೆಗೆ ಗಡುವು ಇಟ್ಟುಕೊಂಡು, ಅಷ್ಟರೊಳಗೆ ಸರಿಯಾದದ್ದು ಬಾರದಿದ್ದರೆ ಹೊದಿಕೆ ಹಾಕುತ್ತಿದ್ದೆ. ಬಣ್ಣ ಬಳಿಯುವುದನ್ನು ಮಾತ್ರ ಮಳೆ ಬಿಟ್ಟು ಎರಡು ದಿನ ಬಿಸಿಲು ಬಂದ ಮೇಲೆ ಇಟ್ಟುಕೊಳ್ಳಿ. ಉಳಿದ ಒಂದು ಚಕ್ರವನ್ನು ಈಗಲೇ ಸ್ಪ್ರೂವಿನಿಂದ ಬೇರ್ಪಡಿಸಬೇಡಿ, ಅಚ್ಚು ಮಾಡುವ ದಿನವೇ ಬೇರ್ಪಡಿಸಿ.